ಕಾಲ ಕೆಳಗೆ ಹಗ್ಗ, ಕಣ್ಣ ಮುಂದೆ ಕ್ಯಾಮೆರಾ

“ಹಗ್ಗ! ಸಾರ್, ಹಗ್ಗ!”

ಹಿಂದಿನಿಂದ ಯಾರೋ ಕೂಗಿದರು. ನನಗೇ ಕೂಗಿದ್ದು ಅಂತ ಹೊಳೆಯಲಿಲ್ಲ. ಕಣ್ಣು ಕ್ಯಾಮೆರಾದಲ್ಲಿತ್ತು. ಒಳಗೆ ಬರುತ್ತಿದ್ದ ಬೋಟಿನ ಮೂತಿಯಲ್ಲಿ ಒಬ್ಬ ಹುಡುಗ ನಿಂತಿದ್ದ. ಕೈಯಲ್ಲಿ ಹಗ್ಗದ ಸುರುಳಿ, ಹಿಂದೆ ಕಡುನೀಲಿ ಆಕಾಶ. ಇನ್ನು ಅರ್ಧ ಸೆಕೆಂಡು ಕಾದರೆ ಹಗ್ಗ ಎಸೆಯುತ್ತಾನೆ, ಅದು ಗಾಳಿಯಲ್ಲಿ ಬಿಚ್ಚಿಕೊಳ್ಳುವಾಗ ಕ್ಲಿಕ್ ಮಾಡಬೇಕು ಅಂತ ಉಸಿರು ಬಿಗಿಹಿಡಿದಿದ್ದೆ. ಅಷ್ಟರಲ್ಲಿ ಒಂದು ಕೈ ನನ್ನ ಕಾಲರ್ ಹಿಡಿದು ಹಿಂದಕ್ಕೆ ಎಳೆಯಿತು.

ನನ್ನ ಕಾಲಿದ್ದ ಜಾಗದಲ್ಲಿ ಇನ್ನೊಂದು ಹಗ್ಗ ಸುಮ್ನೆ ಬಿದ್ದಿತ್ತು. ಅದು ಆಗಲೇ ಕಟ್ಟಿ ನಿಂತಿದ್ದ ಬೇರೆ ಬೋಟಿನದ್ದು. ಹೊಸ ಬೋಟು ಎಬ್ಬಿಸಿದ ಅಲೆಗೆ ಆ ಬೋಟು ಆಚೆ ಸರಿಯಿತು, ಸಡಿಲವಾಗಿದ್ದ ಹಗ್ಗ ಒಂದೇ ಏಟಿಗೆ ಬಿಗಿಯಾಯಿತು. ನೆಲದಿಂದ ಮೊಣಕಾಲಿನ ಎತ್ತರಕ್ಕೆ ಎದ್ದು ತಂತಿಯ ಹಾಗೆ ಅದುರಿತು. ಅದರೊಳಗಿನ ಉಪ್ಪುನೀರು ಚಿಮ್ಮಿ ನನ್ನ ಲೆನ್ಸಿನ ಮೇಲೆಲ್ಲಾ ಬಿತ್ತು.

ಕಾಲರ್ ಬಿಟ್ಟ ಮನುಷ್ಯ ಬೈಯಲಿಲ್ಲ. “ನೈಲಾನ್ ಹಗ್ಗ ಎಳೆದಷ್ಟೂ ಉದ್ದ ಆಗ್ತದೆ ಸಾರ್. ತುಂಡಾಗುವಾಗ ಮಾತ್ರ ಹೇಳಿ ಬರೂದಿಲ್ಲ” ಅಂದು ತನ್ನ ಕೆಲಸಕ್ಕೆ ಹೋದ. ಹಿಂದೆ ಹೋಗಿ ಥ್ಯಾಂಕ್ಸ್ ಹೇಳೋಣ ಅಂದರೆ ಅವನು ಆಗಲೇ ಐಸ್ ತುಂಬಿದ ಕೈಗಾಡಿ ತಳ್ಳಿಕೊಂಡು ನನ್ನ ಎದುರೇ ಬರುತ್ತಿದ್ದ. ನಾನು ಮತ್ತೆ ದಾರಿಗೆ ಅಡ್ಡ ನಿಂತಿದ್ದೆ.

ಇದು ನಾನು ಮೀನುಗಾರಿಕೆ ಬಂದರಿಗೆ ಫೋಟೋ ತೆಗೆಯಲು ಹೋದ ಮೊದಲ ಬೆಳಗಿನ ಕಥೆ. ಹುಡುಗನ ಫೋಟೋ ಸಿಗಲಿಲ್ಲ. ಎಳೆದಾಗ ಬೆರಳು ಒತ್ತಿಹೋಗಿ ಒಂದು ಚಿತ್ರ ಬಂದಿದೆ: ಓರೆಯಾದ ಕಾಂಕ್ರೀಟು, ನನ್ನದೇ ಚಪ್ಪಲಿ, ಮೂಲೆಯಲ್ಲಿ ಒಂದು ಹಗ್ಗ. ಅದನ್ನು ಅಳಿಸಿಲ್ಲ. ಹೌದು, ಚಪ್ಪಲಿ ಹಾಕಿಕೊಂಡು ಹೋಗಿದ್ದೆ. ಮೀನಿನ ಪೊರೆ, ಐಸು, ಡೀಸೆಲ್ ಮೂರೂ ಸೇರಿದ ನೆಲದ ಮೇಲೆ ಚಪ್ಪಲಿ! ಈಗ ರಬ್ಬರ್ ಬೂಟು ಹಾಕುತ್ತೇನೆ. ಲೆನ್ಸಿಗಿಂತ ಮೊದಲು ಬೂಟು ತೆಗೆದುಕೊಳ್ಳಿ ಅಂತ ಕೇಳಿದವರಿಗೆಲ್ಲ ಹೇಳುತ್ತೇನೆ, ಯಾರೂ ಕೇಳುವುದಿಲ್ಲ.

ಅವತ್ತು ಹೋಗಿದ್ದು ಸೂರ್ಯೋದಯ ತೆಗೆಯಲಿಕ್ಕೆ. ಫೋನಿನಲ್ಲಿ ಸೂರ್ಯ ಹುಟ್ಟುವ ಹೊತ್ತು ನೋಡಿ, ಅರ್ಧ ಗಂಟೆ ಮುಂಚೆ ತಲುಪಿದೆ. ಆಮೇಲೆ ಗೊತ್ತಾಯಿತು, ಆ ಬಂದರಿನಲ್ಲಿ ಸೂರ್ಯ ಹುಟ್ಟುವುದು ಹರಾಜು ಕಟ್ಟೆಯ ತಗಡಿನ ಮಾಡಿನ ಹಿಂದೆ. ಸಮುದ್ರದ ಮೇಲೆ ಕೆಂಪು ಚೆಂಡು, ಅದರ ಮುಂದೆ ಬೋಟಿನ ಕಪ್ಪು ನೆರಳು ಅಂತ ಅಂದುಕೊಂಡು ಹೋಗಿದ್ದ ಚಿತ್ರ ಅಲ್ಲಿ ಹುಟ್ಟುವ ಮಾತೇ ಇರಲಿಲ್ಲ. ಸೂರ್ಯ ಮಾಡಿನ ಮೇಲೆ ಬರುವ ಹೊತ್ತಿಗೆ ಅರ್ಧ ಬೋಟುಗಳು ಮೀನು ಇಳಿಸಿ, ಡೆಕ್ ತೊಳೆದು, ಹುಡುಗರು ಬಲೆಯ ರಾಶಿಯ ಮೇಲೆ ಮಲಗಿಬಿಟ್ಟಿದ್ದರು. ಆ ಲೆಕ್ಕದಲ್ಲಿ ನಾನು ಎರಡು ಗಂಟೆ ತಡ.

ಅಲ್ಲಿಂದ ಇಲ್ಲಿಯವರೆಗೆ ಸುಮಾರು 40 ಬೆಳಗು ಹೋಗಿದ್ದೇನೆ. ರಜೆ ಇದ್ದಾಗ, ನಿದ್ದೆ ಬರದೇ ಇದ್ದಾಗ, ಒಮ್ಮೊಮ್ಮೆ ಆಫೀಸಿನ ಸಿಟ್ಟು ಜಾಸ್ತಿ ಆದಾಗ. ಸೂರ್ಯನನ್ನು ಕಾಯುವುದು ನಿಂತುಹೋಗಿದೆ. ಈಗ ಅವನ ಕಡೆಗೆ ಬೆನ್ನು ಹಾಕಿಯೇ ನಿಲ್ಲುತ್ತೇನೆ.

ಬೆಳಗಿನ ಬೆಳಕು ಸೂರ್ಯನ ಜೊತೆಗೆ ಬರುವುದಲ್ಲ, ಬಹಳ ಮುಂಚೆ ಬರುತ್ತದೆ. ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿರುವಾಗಲೇ ಕತ್ತಲು ತೆಳ್ಳಗಾಗಲು ಶುರು. 12 ಡಿಗ್ರಿಗೆ ಬಂದಾಗ ಸಮುದ್ರ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರು ಅನ್ನುವ ಗೆರೆ ಕಣ್ಣಿಗೆ ಸಿಗುತ್ತದೆ. ಇದಕ್ಕೆ ನಾಟಿಕಲ್ ಟ್ವಿಲೈಟ್ ಅಂತಲೇ ಹೆಸರು. ಹಿಂದಿನ ನಾವಿಕರಿಗೆ ನಕ್ಷತ್ರವೂ ಬೇಕು, ದಿಗಂತವೂ ಬೇಕು. ಎರಡೂ ಒಟ್ಟಿಗೆ ಕಾಣುವ ಈ ಹೊತ್ತಿನಲ್ಲೇ ಅವರು ನಕ್ಷತ್ರದ ಎತ್ತರ ಅಳೆದು ತಾವು ಎಲ್ಲಿದ್ದೇವೆ ಅಂತ ಲೆಕ್ಕ ಹಾಕುತ್ತಿದ್ದರು. 6 ಡಿಗ್ರಿ ದಾಟಿದರೆ ದೀಪ ಇಲ್ಲದೆ ಕೆಲಸ ಮಾಡಬಹುದು. ಭೂಮಧ್ಯರೇಖೆಯ ಹತ್ತಿರ ಈ ಕೊನೆಯ 6 ಡಿಗ್ರಿ ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಧ್ರುವದ ಕಡೆ ಹೋದಷ್ಟೂ ಎಳೆಯುತ್ತದೆ. ಅಲ್ಲಿನ ಫೋಟೋದವರ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಿದೆ.

ನನಗೆ ಬೇಕಾದ್ದು ನಡುವಿನ ಒಂದು ಕಾಲು ಗಂಟೆ. ಆಕಾಶದ ಬೆಳಕೂ ಧಕ್ಕೆಯ, ಅಂದರೆ ಬೋಟು ಕಟ್ಟುವ ಕಟ್ಟೆಯ, ದೀಪಗಳ ಬೆಳಕೂ ಸಮ ಸಮ ಆಗುವ ಹೊತ್ತು. ಅದಕ್ಕಿಂತ ಮುಂಚೆ ತೆಗೆದರೆ ದೀಪದ ಸುತ್ತ ಬಿಳಿ ಗುಂಡಿ, ಉಳಿದದ್ದೆಲ್ಲ ಮಸಿ. ಅದರ ನಂತರ ತೆಗೆದರೆ ದೀಪ ಉರಿಯುತ್ತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಆ ಕಾಲು ಗಂಟೆಯಲ್ಲಿ ಮಾತ್ರ ನೀಲಿಯ ಒಳಗೆ ಹಳದಿ ನಿಲ್ಲುತ್ತದೆ. ಆ ನೀಲಿ ಹಗಲಿನ ಆಕಾಶದ ನೀಲಿ ಅಲ್ಲ. ಅದರಲ್ಲಿ ಓಜೋನಿನ ಪಾಲು ದೊಡ್ಡದು. ಸೂರ್ಯನ ಬೆಳಕು ಓರೆಯಾಗಿ, ಬಹಳ ದೂರ ಓಜೋನ್ ಪದರದ ಒಳಗಿಂದ ಬರುವಾಗ ಕಿತ್ತಳೆ ಹಳದಿಯ ಭಾಗವನ್ನು ಅದು ಹೀರಿಕೊಳ್ಳುತ್ತದೆ. 1953ರಲ್ಲಿ ಹಲ್ಬರ್ಟ್ ಅನ್ನುವ ವಿಜ್ಞಾನಿ ಲೆಕ್ಕ ಹಾಕಿ ತೋರಿಸಿದ ವಿಷಯ ಇದು. ಅಲ್ಲಿಯವರೆಗೆ ಎಲ್ಲರೂ ಹಗಲಿನ ನೀಲಿಯ ಕಾರಣವನ್ನೇ ಇದಕ್ಕೂ ಹೇಳುತ್ತಿದ್ದರು. ನನಗೆ ಇದನ್ನು ಓದಿದ ಮೇಲೆ ಒಂದು ಸಮಾಧಾನ. ಫೋಟೋದಲ್ಲಿ ಆ ನೀಲಿ ಬೇರೆ ಥರ ಕಾಣುತ್ತದೆ ಅಂತ ಅನಿಸುತ್ತಿದ್ದದ್ದು ನನ್ನ ಭ್ರಮೆ ಆಗಿರಲಿಲ್ಲ.

ದೀಪಗಳದ್ದು ಬೇರೆ ಗೋಳು. ಹಳೆಯ ಕಂಬಗಳಲ್ಲಿ ಸೋಡಿಯಂ ದೀಪ, ಕಿತ್ತಳೆ ಬಣ್ಣ. ಹೊಸ ಕಂಬಗಳಲ್ಲಿ ಎಲ್ಇಡಿ, ಸುಣ್ಣದ ಬಿಳಿ. ಬೋಟಿನ ಡೆಕ್ಕಿನಲ್ಲಿ ಯಾವುದೋ ಹಸಿರು ಛಾಯೆಯ ಟ್ಯೂಬು. ಒಂದೇ ಫ್ರೇಮಿನಲ್ಲಿ ಮೂರೂ. ಯಾವ ಬೆಳಕನ್ನು ಬಿಳಿ ಅಂದುಕೊಳ್ಳಬೇಕು ಅಂತ ಕ್ಯಾಮೆರಾಕ್ಕೆ ಹೇಳುವ ವೈಟ್ ಬ್ಯಾಲೆನ್ಸನ್ನು ಯಾವುದಕ್ಕೆ ಹೊಂದಿಸಿದರೂ ಉಳಿದೆರಡು ಮುನಿಸಿಕೊಳ್ಳುತ್ತವೆ. ಮೊದಲು ಕಂಪ್ಯೂಟರಿನಲ್ಲಿ ಕೂತು ಎಲ್ಲವನ್ನೂ ಸರಿ ಮಾಡುತ್ತಿದ್ದೆ. ಈಗ ಅದನ್ನು, ಬೆಳಕಿನ ಬಣ್ಣ ಅಳೆಯುವ ಲೆಕ್ಕದಲ್ಲಿ, 4000 ಕೆಲ್ವಿನ್‌ಗೆ ಇಟ್ಟು ಬಿಟ್ಟುಬಿಡುತ್ತೇನೆ. ಕಿತ್ತಳೆ ದೀಪದ ಕೆಳಗೆ ನಿಂತ ಮನುಷ್ಯ ಕಿತ್ತಳೆಯಾಗೇ ಕಾಣಲಿ, ಅಲ್ಲಿ ನಿಂತಾಗ ಅವನು ಹಾಗೇ ಇದ್ದ. ಇನ್ನೊಂದು ಮಾತು, ಕ್ಯಾಮೆರಾದ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇಲ್ಲಿ ಬೇಡ. ಕರೆಂಟು 50 ಹರ್ಟ್ಸ್ ಇರುವ ಕಡೆ ಇಂಥ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣಲ್ಲ. ಫೋಟೋದಲ್ಲಿ ಮಾತ್ರ ಅಡ್ಡಡ್ಡ ಪಟ್ಟೆ ಬರುತ್ತದೆ. ಒಂದಿಡೀ ಬೆಳಗಿನ ಫೋಟೋ ನನಗೆ ಹೀಗೆ ಹಾಳಾಗಿದೆ. ಅದೂ ನನ್ನ ಜನ್ಮದಲ್ಲೇ ಬಂದ ಒಳ್ಳೆಯ ಮಂಜಿನ ಬೆಳಗು.

ಟ್ರೈಪಾಡ್ ಎರಡನೇ ಸಲಕ್ಕೇ ಮನೆಯಲ್ಲಿ ಉಳಿಯಿತು. ಅದರ ಮೂರು ಕಾಲುಗಳು ಕೈಗಾಡಿ ಓಡಾಡುವ ದಾರಿಯಲ್ಲಿ ಮೂರು ಶತ್ರುಗಳು. ನೆಲ ಗಟ್ಟಿ ಇದ್ದರೂ ಬೋಟು ಅಲುಗುತ್ತಲೇ ಇರುತ್ತದೆ. ಎರಡು ಸೆಕೆಂಡು ಶಟರ್ ತೆರೆದಿಟ್ಟರೆ ಹಗ್ಗ ಸುತ್ತುವ ಗೂಟ ಖಡಕ್ಕಾಗಿ, ಬೋಟು ದೆವ್ವದ ಹಾಗೆ. ಒಂದು ಸಲ ಚೆಂದ, ಹತ್ತನೇ ಸಲಕ್ಕೆ ಬೇಜಾರು. ಹಾಗಾಗಿ ಕೈಯಲ್ಲೇ ಹಿಡಿದು, 35 ಎಂಎಂ ಲೆನ್ಸಿನಲ್ಲಿ, ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅಂತ ಹೇಳುವ ಐಎಸ್ಒ 3200 ಅಥವಾ 6400 ಇಟ್ಟು ತೆಗೆಯುತ್ತೇನೆ. ಕಾಳು ಕಾಳಾಗಿ ಬಂದರೆ ಬರಲಿ.

ಮಂಜು ಹಿಡಿಯುವುದೊಂದು ಕಾಟ. ಏಸಿ ಹಾಕಿದ ಕಾರಿನಿಂದ ಕ್ಯಾಮೆರಾ ಹೊರಗೆ ತೆಗೆದರೆ ಲೆನ್ಸ್ ಮೇಲೆ ಹಾಲು ಚೆಲ್ಲಿದ ಹಾಗೆ ಹಬೆ ಕೂರುತ್ತದೆ. ಒರೆಸಿದರೆ ಮತ್ತೆ. ಕೊನೆಯ ಅರ್ಧ ಗಂಟೆ ಏಸಿ ಬಂದ್ ಮಾಡಿ ಕಿಟಕಿ ಇಳಿಸಿಕೊಂಡೇ ಹೋಗಬೇಕು. ಉಪ್ಪುನೀರು ಬಿದ್ದರೆ ಒಣಬಟ್ಟೆಯಿಂದ ಉಜ್ಜಬೇಡಿ, ಉಪ್ಪಿನ ಹರಳು ಲೆನ್ಸಿನ ಲೇಪ ಗೀರಬಹುದು. ಮೊದಲು ಸಿಹಿನೀರಿನಲ್ಲಿ ಒದ್ದೆ ಮಾಡಿದ ಬಟ್ಟೆ. ಇಷ್ಟೇ. ಸಾಮಾನಿನ ಬಗ್ಗೆ ಇನ್ನು ಬರೆಯುವುದಿಲ್ಲ.

ಕಣ್ಣಿಗೆ ಅಭ್ಯಾಸ ಮಾಡಿಸಬೇಕಾದ ವಿಷಯಗಳು ಇದಕ್ಕಿಂತ ಮಜವಾಗಿವೆ. ಕತ್ತಲಲ್ಲಿ ಬೋಟು ಬರುವಾಗ ಮೊದಲು ಕಾಣುವುದು ದೀಪ. ಬೋಟಿನ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. 1972ರ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಎಲ್ಲ ಕಡೆಯೂ ಹೀಗೇ ಇರಬೇಕು. ಹಸಿರು ಮಾತ್ರ ಕಂಡರೆ ಅದು ನಮ್ಮ ಬಲಗೈ ಕಡೆಗೆ ಹಾದುಹೋಗುತ್ತಿದೆ. ಕೆಂಪು ಮಾತ್ರ ಕಂಡರೆ ಎಡಗೈ ಕಡೆಗೆ. ಎರಡೂ ಕಂಡರೆ ಮೂತಿ ನಮ್ಮ ಕಡೆಗೇ ಇದೆ, ಕ್ಯಾಮೆರಾ ತೆಗೆಯಿರಿ. ಹಸಿರು ದೀಪದ ಕೆಳಗೆ ಬಿಳಿ ದೀಪ ಉರಿಯುತ್ತಿದ್ದರೆ ದೂರದಲ್ಲಿ ಯಾರೋ ಇನ್ನೂ ಟ್ರಾಲ್ ಬಲೆ ಎಳೆಯುತ್ತಿದ್ದಾರೆ ಅಂತ. ಇದನ್ನು ನನಗೆ ಹೇಳಿಕೊಟ್ಟವರು ಒಬ್ಬ ತಂಡೇಲರು, ಅಂದರೆ ಬೋಟು ನಡೆಸುವವರು. ಹೇಳಿ, “ಎಲ್ಲರೂ ಸರಿಯಾಗಿ ಹಾಕ್ತಾರೆ ಅಂತ ಮಾತ್ರ ನಂಬಬೇಡಿ” ಅಂತಲೂ ಸೇರಿಸಿದರು.

ಹಕ್ಕಿಗಳನ್ನು ನೋಡಿದರೂ ಗೊತ್ತಾಗುತ್ತದೆ. ಯಾವ ಬೋಟಿನ ಹಿಂದೆ ಗದ್ದಲ ಇದೆಯೋ ಅದರಲ್ಲಿ ಮೀನಿದೆ. ಹಕ್ಕಿ ಇಲ್ಲದೆ ಸುಮ್ಮನೆ ಬರುವ ಬೋಟು ನೋಡಿದರೆ ನಾನು ಕ್ಯಾಮೆರಾ ಕೆಳಗಿಳಿಸುತ್ತೇನೆ. ಒಂದು ಸಲ ಹಾಗೆ ಬಂದ ಬೋಟಿನಿಂದ ಇಳಿಯುತ್ತಿದ್ದ ಮೂರೇ ಮೂರು ಕ್ರೇಟುಗಳನ್ನು ತೆಗೆಯಲು ಹೋಗಿದ್ದೆ. ಒಬ್ಬರು ಕೈ ಅಡ್ಡ ಹಿಡಿದು, “ಅಣ್ಣಾ, ಇದನ್ನು ತೆಗೀಬೇಡಿ. ತುಂಬಿದಾಗ ಬನ್ನಿ, ಎಷ್ಟು ಬೇಕಾದ್ರೂ ತೆಗೀರಿ” ಅಂದರು. ಕೇಳದೆ ತೆಗೆಯಲು ಹೋದ ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅದಾದ ಮೇಲೆ ಮೊದಲ ಹತ್ತು ನಿಮಿಷ ಕ್ಯಾಮೆರಾ ಚೀಲದಲ್ಲೇ. ಸುಮ್ನೆ ಓಡಾಡಿ, ನಾಲ್ಕು ಮುಖಗಳಿಗೆ ನಕ್ಕು, ಯಾರು ಇವತ್ತು ಮಾತಾಡುವ ಸ್ಥಿತಿಯಲ್ಲಿದ್ದಾರೆ ಅಂತ ನೋಡಿಕೊಂಡು ಆಮೇಲೆ. ಗೇಟಿನಲ್ಲೂ ಅಷ್ಟೆ. ಒಮ್ಮೆ ಕಾವಲಿನವರು ನಿಲ್ಲಿಸಿ ಅರ್ಧ ಗಂಟೆ ಕೂರಿಸಿದ್ದರು. ತಪ್ಪು ನನ್ನದೇ, ಮೊದಲೇ ಕೇಳಿಕೊಂಡು ಹೋಗಬೇಕಿತ್ತು.

ಉಬ್ಬರ ಇಳಿತದ ಲೆಕ್ಕವನ್ನು ಯಾವ ಫೋಟೋ ಪಾಠದಲ್ಲೂ ನಾನು ಕೇಳಿರಲಿಲ್ಲ. ನೀರು ತುಂಬಿದಾಗ ಬೋಟಿನ ಡೆಕ್ಕು ಧಕ್ಕೆಯ ಮಟ್ಟಕ್ಕೆ ಬರುತ್ತದೆ. ಆಗ ಮನುಷ್ಯರು ನಮ್ಮ ಕಣ್ಣಿಗೆ ಕಣ್ಣು ಕೊಟ್ಟು ನಿಂತಿರುತ್ತಾರೆ. ನೀರು ಇಳಿದಾಗ ಡೆಕ್ಕು ಆಳುದ್ದ ಕೆಳಗೆ. ಆಗ ಮೇಲಿನಿಂದ ಬಗ್ಗಿ ನೋಡಿದರೆ ಮೀನಿನ ರಾಶಿ, ಸುರುಳಿ ಹಗ್ಗ, ನೀಲಿ ಕ್ರೇಟು, ತಲೆಗೆ ಕಟ್ಟಿದ ಬಟ್ಟೆಗಳು, ಎಲ್ಲಾ ರಂಗೋಲಿಯ ಹಾಗೆ ಹರಡಿಕೊಂಡಿರುತ್ತವೆ. ಎರಡೂ ಬೇರೆ ಬೇರೆ ಚಿತ್ರ. ಸಾಮಾನ್ಯವಾಗಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ 12 ಗಂಟೆ 25 ನಿಮಿಷ. ಅಂದರೆ ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ನಸುಕಿಗೆ ನೀರು ತಳ ಕಂಡಿದ್ದರೆ ನಾಳೆ ಅದು 50 ನಿಮಿಷ ತಡ. ಅದೇ ಬೆಳಕು, ಅದೇ ನೀರಿನ ಮಟ್ಟ ಮತ್ತೆ ಜೊತೆಯಾಗಬೇಕೆಂದರೆ ಹೆಚ್ಚುಕಡಿಮೆ ಹದಿನೈದು ದಿನ ಕಾಯಬೇಕು. ಹುಣ್ಣಿಮೆಗೆ ಸಿಕ್ಕಿದ್ದು ಅಮಾವಾಸ್ಯೆಗೆ ಮತ್ತೆ ಸಿಗುತ್ತದೆ. ನನ್ನ ಗೋಡೆಯ ಕ್ಯಾಲೆಂಡರಿನಲ್ಲಿ ಈಗ ಇವೆರಡಕ್ಕೂ ಪೆನ್ಸಿಲ್ ಗುರುತು ಇದೆ. ಮನೆಯವರು ನಾನು ದೇವರ ಕಡೆ ತಿರುಗಿದೆ ಅಂದುಕೊಂಡಿದ್ದರು.

ಹಾಗೆ ಬಗ್ಗಿ ನೋಡುತ್ತಿದ್ದಾಗಲೇ ಒಂದು ವಿಚಿತ್ರ ಕಂಡಿದ್ದು. ಕೆಳಗಿನ ಡೆಕ್ಕಿನಲ್ಲಿ ಬೂತಾಯಿ ಮೀನಿನ ರಾಶಿ. ಮೇಲೆ ದೀಪ. ಒದ್ದೆ ಮರದ ಮೇಲೂ ಮೀನಿನ ಮೇಲೂ ಹೊಳಪು ಹೊಳಪು, ಫೋಟೋದಲ್ಲಿ ಬರೀ ಬಿಳಿ ಚುಕ್ಕೆ. ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿ ತಿರುಗಿಸಿದೆ. ಮರದ ಮೇಲಿನ ಹೊಳಪು ಹೋಯಿತು, ಹಲಗೆಯ ಗೆರೆ ಕಂಡಿತು. ನಿಂತ ನೀರಿನ ಹೊಳಪೂ ಹೋಯಿತು. ಮೀನು ಮಾತ್ರ ಹಾಗೇ! ಎಷ್ಟು ತಿರುಗಿಸಿದರೂ ಬೆಳ್ಳಿ ಬೆಳ್ಳಿಯಾಗೇ ಉಳಿಯಿತು. ಫಿಲ್ಟರ್ ಹಾಳಾಗಿದೆ ಅಂದುಕೊಂಡೆ.

ಹಾಳಾಗಿರಲಿಲ್ಲ. ಮೀನಿನ ಚರ್ಮದಲ್ಲಿ ಗ್ವಾನಿನ್ ಅನ್ನುವ ವಸ್ತುವಿನ ತೆಳ್ಳನೆಯ ಹರಳುಗಳು ಪದರ ಪದರವಾಗಿ ಇರುತ್ತವೆ. ಕನ್ನಡಿಯ ಕೆಲಸ ಮಾಡುವುದು ಅವೇ. ಬೂತಾಯಿಯ ಸಂಬಂಧಿಗಳಾದ ಸಾರ್ಡೀನ್, ಹೆರಿಂಗ್ ಮೀನುಗಳಲ್ಲಿ ಇಂಥ ಹರಳು ಎರಡು ಬಗೆ ಇದ್ದು, ಎರಡೂ ಬೆರೆತಿರುವುದರಿಂದ ಯಾವ ಕೋನದಿಂದ ಬೆಳಕು ಬಿದ್ದರೂ ಅದು ಧ್ರುವೀಕರಣ ಆಗದೆ, ಅಂದರೆ ಅದರ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುವ ಹಾಗಾಗದೆ (ಫಿಲ್ಟರ್ ತಡೆಯುವುದು ಹಾಗಾದ ಬೆಳಕನ್ನೇ), ವಾಪಸ್ ಬರುತ್ತದೆ ಅಂತ 2012ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ತೋರಿಸಿದ್ದಾರೆ. ದೊಡ್ಡ ಮೀನಿನ ಕಣ್ಣಿಗೆ ಬೀಳದೆ ಬದುಕಲು ಮಾಡಿಕೊಂಡ ವ್ಯವಸ್ಥೆ. ಸತ್ತು ಡೆಕ್ಕಿಗೆ ಬಂದ ಮೇಲೂ ಅದು ನನ್ನ ಫಿಲ್ಟರಿಗೆ ಮೋಸ ಮಾಡುತ್ತಿತ್ತು. ನಾನು ಫಿಲ್ಟರ್ ಬಿಚ್ಚಿಟ್ಟು, ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕು ಅರ್ಧ ಮಾಡಿ, ಬೆಳ್ಳಿಯನ್ನು ಅದರ ಪಾಡಿಗೆ ಬಿಟ್ಟೆ. ಆ ರಾಶಿಯ ನಡುವೆ ಒಂದು ಕೈ ಬಂದು ಒಂದೇ ಒಂದು ಏಡಿಯನ್ನು ಎತ್ತಿ ಆಚೆ ಎಸೆಯಿತು. ಆ ಕೈಯಿರುವ ಚಿತ್ರ ನನಗೆ ಇವತ್ತಿಗೂ ಇಷ್ಟ.

ಸೂರ್ಯನ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಬಂದರು, ಮುಂಜಾನೆ, ಕೆಂಪು ಸೂರ್ಯ ಅಂದ ಕೂಡಲೇ ಎಲ್ಲರಿಗೂ ನೆನಪಾಗುವ ಚಿತ್ರ ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೊನೆ ಬರೆದ ‘ಇಂಪ್ರೆಷನ್, ಸನ್ ರೈಸ್’, ಲಾ ಆವ್ರ್ ಬಂದರು, 1872. ಇಂಪ್ರೆಷನಿಸಂ ಅನ್ನುವ ಚಿತ್ರಕಲೆಯ ಪಂಥಕ್ಕೆ ಹೆಸರು ಬಂದದ್ದೇ ಆ ಚಿತ್ರದ ಶೀರ್ಷಿಕೆಯಿಂದ. ಅದನ್ನು ಕಪ್ಪು ಬಿಳುಪು ಮಾಡಿ ನೋಡಿ, ಸೂರ್ಯ ಹೆಚ್ಚುಕಡಿಮೆ ಮಾಯ. ಸುತ್ತಲಿನ ಮೋಡದಷ್ಟೇ ಬೆಳಕನ್ನು ಸೂರ್ಯನಿಗೂ ಕೊಟ್ಟು, ಬಣ್ಣ ಮಾತ್ರ ಬೇರೆ ಹಚ್ಚಿದ್ದಾನೆ. ಹಾರ್ವರ್ಡಿನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಇದನ್ನು ವಿವರಿಸಿದ್ದಾರೆ. ಕ್ಯಾಮೆರಾದವನಿಗೆ ಈ ಆಟ ಇಲ್ಲ. ನಮ್ಮ ಸೂರ್ಯ ಫ್ರೇಮಿನೊಳಗೆ ಬಂದರೆ ಉಳಿದವರೆಲ್ಲ ಕಪ್ಪು ಗೊಂಬೆಗಳು. ನಮ್ಮ ಕಣ್ಣಿಗೆ ದಿಗಂತ ತಾಗಿದ ಸೂರ್ಯ ಕೂಡ ನಿಜವಾಗಿ ಅಲ್ಲಿರುವುದಿಲ್ಲ. ಗಾಳಿಯಲ್ಲಿ ಬೆಳಕು ಬಾಗುವುದರಿಂದ ಕೆಳಗಿರುವವನು ಮೇಲೆ ಬಂದ ಹಾಗೆ ಕಾಣುತ್ತಾನೆ. ಇಂಥವನಿಗಾಗಿ ನಾನು ಮನುಷ್ಯರ ಮುಖ ಬಿಟ್ಟುಕೊಡಬೇಕಾ?

ಮುಖ ಅಂದಾಗ ಇನ್ನೊಂದು ತಪ್ಪೊಪ್ಪಿಗೆ. ಸುಕ್ಕುಗಟ್ಟಿದ ಮುಖ, ಬಿಳಿ ಗಡ್ಡ, ಬೀಡಿ ಹೊಗೆ, ಕಪ್ಪು ಬಿಳುಪು. ಈ ಥರದ ಮೀನುಗಾರರ ಫೋಟೋ ನನಗೆ ಈಗ ಆಗಲ್ಲ. ನನ್ನ ಹತ್ತಿರವೂ ಹನ್ನೊಂದು ಇವೆ. ಅವುಗಳಲ್ಲಿ ಮನುಷ್ಯ ಏನು ಕೆಲಸ ಮಾಡುತ್ತಾನೆ ಅಂತ ಒಂದರಲ್ಲೂ ಗೊತ್ತಾಗುವುದಿಲ್ಲ. ಸುಕ್ಕು ಇರುವ ಯಾರಾದರೂ ಆಗಬಹುದು. ಸ್ಕಾಟ್ಲೆಂಡಿನ ಎಡಿನ್‌ಬರೊ ಹತ್ತಿರದ ನ್ಯೂಹೇವನ್ನಿನಲ್ಲಿ 1843ರಿಂದ ಮೂರ್ನಾಲ್ಕು ವರ್ಷ ಮೀನುಗಾರರ ಫೋಟೋ ತೆಗೆದ ಹಿಲ್ ಮತ್ತು ಆ್ಯಡಮ್ಸನ್‌ಗೆ ಬೇರೆ ದಾರಿ ಇರಲಿಲ್ಲ. ಆಗಿನ ಕ್ಯಾಲೊಟೈಪ್ ಕಾಗದಕ್ಕೆ ಬಿಸಿಲು ಬೇಕು, ಜನ ಅಲ್ಲಾಡದೆ ನಿಲ್ಲಬೇಕು. ಹಾಗಾಗಿ ಬೋಟಿಗೆ ಒರಗಿ, ಗೋಡೆಗೆ ಆನಿಕೊಂಡು ನಿಂತ ಮೀನುಗಾರರು, ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು. ಅಷ್ಟೆಲ್ಲ ಕಷ್ಟದಲ್ಲೂ ಅವರು ಬುಟ್ಟಿ, ಬೂಟು, ಬಲೆ ಬಿಡಲಿಲ್ಲ. ನನ್ನ ಕ್ಯಾಮೆರಾ ಸೆಕೆಂಡಿಗೆ ಹತ್ತು ಫೋಟೋ ತೆಗೆಯುತ್ತದೆ. ನಾನು ಗಡ್ಡದ ಫೋಟೋ ತೆಗೆದುಕೊಂಡು ಬಂದಿದ್ದೆ.

ಹಾಗಾಗಿ ಕೈಗಳ ಕಡೆ ತಿರುಗಿದೆ.

ಧಕ್ಕೆಯ ತುದಿಯಲ್ಲಿ ಬಲೆ ಸರಿಮಾಡುವ ಒಬ್ಬರಿದ್ದಾರೆ. ಅರವತ್ತು ದಾಟಿದೆ. ಎಡಗೈ ಹೆಬ್ಬೆರಳಿನ ತುದಿ ಇಲ್ಲ, ಯಾವುದೋ ಕಾಲದಲ್ಲಿ ಹಗ್ಗ ಸುತ್ತಿ ಎಳೆಯುವ ವಿಂಚ್ ಯಂತ್ರಕ್ಕೆ ಸಿಕ್ಕಿದ್ದಂತೆ. ನಾನು ಅಣ್ಣ ಅನ್ನುತ್ತೇನೆ, ಅವರು ಸಾರ್ ಬಿಡುವುದಿಲ್ಲ. ಕಾಲು ಚಾಚಿ ಕೂತು, ಬಲೆಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ಹಿಡಿಯುತ್ತಾರೆ. ಕೈಯಲ್ಲಿ ಚಪ್ಪಟೆ ಪ್ಲಾಸ್ಟಿಕ್ ಸೂಜಿ, ಅದರ ಹೊಟ್ಟೆಯೊಳಗೇ ದಾರ ಸುತ್ತಿರುತ್ತದೆ. ಸೂಜಿ ಬಲೆಯ ಕಣ್ಣಿನೊಳಗೆ ಹೋಗಿ, ಸುತ್ತಿ, ಕೆಳಗಿಂದ ಬಂದು, ಬೆರಳು ಒತ್ತಿ, ಟಕ್. ಮತ್ತೆ ಹೋಗಿ, ಸುತ್ತಿ, ಟಕ್. ಸೂಜಿ ಬರುವುದು ಕಾಣುತ್ತದೆ, ಗಂಟು ಆಗಿದ್ದು ಕಾಣುವುದಿಲ್ಲ.

ನನಗೆ ಆಶ್ಚರ್ಯ ಆಗಿದ್ದು ಅವರು ಮೊದಲು ಕತ್ತರಿಸುತ್ತಾರೆ ಅನ್ನುವುದು. ಹರಿದ ತೂತು ಒಂದು ಮೊಳ ಇದ್ದರೆ ಕತ್ತರಿ ಹಾಕಿ ಒಂದೂವರೆ ಮೊಳ ಮಾಡುತ್ತಾರೆ.

“ಇರೋದನ್ನೇ ದೊಡ್ಡದು ಮಾಡಿದ್ರಲ್ಲ ಅಣ್ಣ?”

“ಅಂಚು ಸರಿ ಇಲ್ದಿದ್ರೆ ಎಲ್ಲಿಂದ ಶುರು ಮಾಡೂದು? ಮೂರು ಕಾಲಿನ ಗಂಟು ಬೇಕು ಸಾರ್. ಮೂರು ಕಾಲಿಂದ ಶುರು ಆದ್ರೆ ಮೂರು ಕಾಲಿಗೇ ಬಂದು ಮುಗೀಬೇಕು. ಇಲ್ಲಾ ಅಂದ್ರೆ ಲೆಕ್ಕ ತಪ್ಪಿದೆ ಅಂತ.”

ಬಲೆಯ ಒಳ್ಳೆಯ ಗಂಟಿನಿಂದ ನಾಲ್ಕು ಎಳೆ ಹೊರಡುತ್ತವೆ. ಒಂದು ಎಳೆ ಕತ್ತರಿಸಿ ಮೂರು ಉಳಿದ ಗಂಟಿನಲ್ಲಿ ಹೊಸ ದಾರ ಕಟ್ಟಿದರೆ ಮತ್ತೆ ನಾಲ್ಕಾಗುತ್ತದೆ. ಅಷ್ಟೇ ಲೆಕ್ಕ. ಗಂಟೆಗಟ್ಟಲೆ ನೋಡಿದರೂ ನನಗೆ ಆ ಗಂಟು ಎಲ್ಲಿದೆ ಅಂತ ಹುಡುಕಲು ಬರುವುದಿಲ್ಲ.

ಅವತ್ತು ಮೋಡ, ಸೂರ್ಯನ ಗೊಡವೆಯೇ ಇಲ್ಲ. ತಗಡಿನ ಮಾಡಿನಿಂದ ಮೆತ್ತನೆಯ ಬೆಳಕು ಅವರ ಕೈಮೇಲೆ ಬೀಳುತ್ತಿತ್ತು. ನಾನು ಕುಕ್ಕುರುಗಾಲಲ್ಲಿ ಕೂತು ಹತ್ತಿರ ಹತ್ತಿರ ಹೋಗಿ ತೆಗೆದೆ. ಬೆರಳು, ಸೂಜಿ, ನಾಲ್ಕು ಸಾಲು ಬಲೆ. ಬೇರೇನೂ ಬೇಡ. ಸುಮ್ನೆ ಕೂತರೆ ಅವರಿಗೆ ಮುಜುಗರ ಆಗಬಹುದು ಅಂತ ಮಾತು ಶುರು ಮಾಡಿದೆ. 1913ರಲ್ಲಿ ಆಂಟ್ರೆಯಾ ಅನ್ನುವ ಊರಿನಲ್ಲಿ, ಆಗ ಅದು ಫಿನ್‌ಲ್ಯಾಂಡಿನದ್ದು, ಈಗ ರಷ್ಯಾದ್ದು, ಒಬ್ಬ ರೈತ ಚರಂಡಿ ತೋಡುವಾಗ ಹಳೆಯ ಬಲೆ ಸಿಕ್ಕಿತ್ತು. ಹತ್ತು ಸಾವಿರ ವರ್ಷ ಹಳೆಯದು, ವಿಲೋ ಮರದ ನಾರಿನಿಂದ ಕಟ್ಟಿದ್ದು ಅಂತ ಹೇಳಿದೆ.

ಸೂಜಿ ನಿಂತಿತು. “ಕಣ್ಣು ಎಷ್ಟು ಅಗಲ?”

ಹತ್ತು ಸಾವಿರ ವರ್ಷ ಅವರಿಗೆ ಮುಖ್ಯ ಅನಿಸಲಿಲ್ಲ. ಫೋನಿನಲ್ಲಿ ಹುಡುಕಿ, “ಆರು ಸೆಂಟಿಮೀಟರಂತೆ” ಅಂದೆ. ಅವರು ಸೂಜಿ ಬಾಯಲ್ಲಿ ಕಚ್ಚಿ, ಎರಡು ಬೆರಳು ಅಗಲಿಸಿ ಗಾಳಿಯಲ್ಲಿ ಅಳತೆ ತೋರಿಸಿದರು. “ಹಾಗಾದ್ರೆ ದೊಡ್ಡ ಮೀನಿಗೆ ಹಾಕಿದ್ದು. ಉದ್ದ?” ಮೂವತ್ತು ಮೀಟರ್ ಹತ್ತಿರ ಅಂದೆ. “ಒಬ್ಬನಿಂದ ಆಗೂದಲ್ಲ” ಅಂದು ಮತ್ತೆ ಟಕ್ ಟಕ್ ಶುರು ಮಾಡಿದರು.

ಆ ಫೋಟೋ ಚೆನ್ನಾಗಿ ಬಂತು. ನಾನು ಹೇಳಬಾರದು, ಆದರೂ ಚೆನ್ನಾಗಿ ಬಂತು. ಕಂಪ್ಯೂಟರಿನಲ್ಲಿ ಇನ್ನೂ ಸ್ವಲ್ಪ ಸುತ್ತ ಕತ್ತರಿಸಿ ಬರೀ ಬೆರಳು, ಸೂಜಿ, ಬಲೆಯ ಕಣ್ಣುಗಳು ಮಾತ್ರ ಉಳಿಸಿದೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಎರಡು ವಾರದ ನಂತರ ಒಯ್ದು ಕೊಟ್ಟೆ.

ಅವರು ಕೈ ಒರೆಸಿಕೊಂಡು ತೆಗೆದುಕೊಂಡರು. ಬೆಳಕಿಗೆ ಹಿಡಿದರು. ತುಂಬಾ ಹೊತ್ತು ನೋಡಿದರು. ನಾನು ಹೊಗಳಿಕೆಗೆ ತಯಾರಾಗಿ ನಿಂತಿದ್ದೆ.

“ಈ ಗಂಟು ನೋಡಿ” ಅಂದರು. ಅರ್ಧ ಹೆಬ್ಬೆರಳಿನಿಂದ ಮೂರನೇ ಸಾಲು ತೋರಿಸಿದರು. “ಜಾರಿದೆ. ಕೂತಿಲ್ಲ. ನೀವು ಆ ಹಳೇ ಬಲೆ ಕಥೆ ಹೇಳ್ತಾ ಇದ್ರಲ್ಲ, ಆವಾಗ ಹಾಕಿದ್ದು.”

ಬಗ್ಗಿ ನೋಡಿದೆ. ಒಂದು ಕಣ್ಣು ಪಕ್ಕದ್ದಕ್ಕಿಂತ ಒಂದು ನೂಲಿನಷ್ಟು ದೊಡ್ಡದಿತ್ತು. ಅಷ್ಟು ಸಲ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದ್ದೇನೆ, ನನಗೆ ಕಂಡಿರಲಿಲ್ಲ.

“ಆ ಬಲೆ ಈಗ ಎಲ್ಲಿದೆ ಅಣ್ಣ?”

“ಬೋಟಲ್ಲಿ. ಹೋಗಿ ಆರು ದಿನ ಆಯ್ತು.”

ಮುಂದಿನ ವಾರ ಆ ಬೋಟು ಬಂತು. ಹಕ್ಕಿಗಳ ಗದ್ದಲ ಇತ್ತು, ಒಳ್ಳೆಯದಾಯಿತು. ಮೀನು ಇಳಿಸಿ ಆದ ಮೇಲೆ ಹುಡುಗರು ಬಲೆ ಎಳೆದು ಧಕ್ಕೆಯ ಮೇಲೆ ಹಾಕಿದರು. ಸೊಂಟದೆತ್ತರದ ಹಸಿರು ರಾಶಿ. ಅಣ್ಣ ನನ್ನ ಪ್ರಿಂಟನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು, ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದು ಕೈಯಲ್ಲಿ ಬಲೆ ಸರಿಸುತ್ತಾ ಹುಡುಕಲು ಶುರು ಮಾಡಿದರು. ಫೋಟೋ ನೋಡುವುದು, ಬಲೆ ನೋಡುವುದು, ಮತ್ತೆ ಫೋಟೋ. ನಾನು ಸುತ್ತ ತಿರುಗಿ ತೆಗೆದೇ ತೆಗೆದೆ. ಎಲ್ಲ ಮಸುಕು. ನಸುಕಿನಲ್ಲಿ ಶಟರ್ ವೇಗ ಇಳಿಸಿದ್ದವನು ಏರಿಸಲು ಮರೆತಿದ್ದೆ.

ಅರ್ಧ ಗಂಟೆ ಹುಡುಕಿದರು. ಸಿಗಲಿಲ್ಲ. ಪ್ರಿಂಟನ್ನು ನನ್ನ ಮುಂದೆ ಹಿಡಿದು, ಅದರ ಅಂಚಿನಿಂದ ಆಚೆಗೆ, ಖಾಲಿ ಗಾಳಿಯಲ್ಲಿ ಬೆರಳು ಆಡಿಸಿದರು.

“ಇಲ್ಲಿವರೆಗೆ ತೆಗೀಬೇಕಿತ್ತು ಸಾರ್. ಪಕ್ಕದ ಜೋಡಣೆ ಕಂಡಿದ್ರೆ ಯಾವ ಜಾಗ ಅಂತ ಗೊತ್ತಾಗ್ತಿತ್ತು.”